ಕಥೆಯ ಘಟನೆಗಳನ್ನ ಕ್ರಮವಾಗಿ ಜೋಡಿಸೋದು: ಪುಟಾಣಿ ಓದುಗರಿಗೆ ಕಲಿಸೋರು ಪದೇ ಪದೇ ಕೇಳೋ ಪ್ರಶ್ನೆಗಳು

ಕಥೆ ಕೇಳಿಸ್ಕೊಂಡ ಮಗು ಅದನ್ನ ವಾಪಸ್ ಹೇಳುವಾಗ ಕೊನೆಯಿಂದ ಶುರು ಮಾಡಿ, ಮಧ್ಯ ನುಂಗಿ, ಮೊದಲನೇದನ್ನ ಮರೆತು ಮುಗಿಸಿಬಿಡತ್ತೆ, ಇದನ್ನ ನೋಡಿ ತಲೆ ಕೆರ್ಕೊಳ್ಳೋ ಅಪ್ಪ ಅಮ್ಮ ಟೀಚರ್‌ಗಳಿಗೆ ಈ ಪುಟ. ಪ್ರತಿ ಉತ್ತರಕ್ಕೂ ಹೊಸ ಕಥೆ ಹುಡುಕೋದು ಬೇಡ ಅಂತ ಒಂದೇ ಪುಟ್ಟ ಕಥೆ ಇಟ್ಕೊಂಡಿದೀನಿ. ಬೆಕ್ಕು ಇಲಿ ಹಿಡಿಯೋಕೆ ಅಂತ ಮೇಜಿನ ಮೇಲೆ ಹಾರತ್ತೆ. ಹೂದಾನಿ ಉರುಳತ್ತೆ. ನೀರು ಚೆಲ್ಲಿ ಅಕ್ಕನ ಪುಸ್ತಕ ನೆನೆಯತ್ತೆ. ಅಕ್ಕ ಬೈತಾಳೆ ಅಂತ ಹೆದರಿ ತಮ್ಮ ಪುಸ್ತಕನ ಬಿಸಿಲಿಗೆ ಇಡ್ತಾನೆ. ಅಕ್ಕ ಬಂದು ನೋಡಿ ನಕ್ಕುಬಿಡ್ತಾಳೆ. ಒಟ್ಟು ಐದು ಘಟನೆ, ಐದು ಚಿತ್ರ.

ಕಥೆ ಖುಷಿಯಾಗಿ ಕೇಳಿದ್ರೆ ಸಾಕಲ್ವಾ, ಕ್ರಮ ಯಾಕೆ ಬೇಕು?

ಖುಷಿ ಇಲ್ದಿದ್ರೆ ಉಳಿದಿದ್ದೆಲ್ಲಾ ವೇಸ್ಟ್, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕ್ರಮ ಅಂದ್ರೆ ಬರೀ ಒಂದು ಎರಡು ಮೂರು ಅಂತ ನಂಬರ್ ಹಾಕೋದು ಅಂತ ತಿಳ್ಕೊಂಡಿರ್ತೀವಲ್ಲ, ಅಲ್ಲೇ ಎಡವಟ್ಟಾಗೋದು. ಹೂದಾನಿ ಉರುಳಿದ್ದು ಎರಡನೇದು ಅನ್ನೋದು ಮುಖ್ಯ ಅಲ್ಲ, ಬೆಕ್ಕು ಹಾರಿದ್ದಕ್ಕೇ ಅದು ಉರುಳ್ತು, ಉರುಳಿದ್ದಕ್ಕೇ ಪುಸ್ತಕ ನೆನೀತು ಅನ್ನೋದು ಮುಖ್ಯ. ಟಾಮ್ ಟ್ರಬಾಸೋ ಮತ್ತು ಪಾಲ್ ವ್ಯಾನ್ ಡೆನ್ ಬ್ರೂಕ್ ಅನ್ನೋ ಇಬ್ಬರು ಸಂಶೋಧಕರು 1985ರಲ್ಲಿ ಇದನ್ನೇ ಬರೆದ್ರು, ಕಾರಣ-ಪರಿಣಾಮದ ಸರಪಳಿಯಲ್ಲಿ ಸೇರ್ಕೊಂಡಿರೋ ಘಟನೆಗಳು ನೆನಪಲ್ಲಿ ಉಳಿತಾವೆ, ಅದರಿಂದ ಆಚೆ ಬಿದ್ದಿರೋವು ಬೇಗ ಉದುರಿ ಹೋಗ್ತಾವೆ ಅಂತ. ಅಂದ್ರೆ ಕ್ರಮ ಸರಿಯಾಗಿ ಹೇಳ್ತಿರೋ ಮಗು ಬಾಯಿಪಾಠ ಒಪ್ಪಿಸ್ತಿಲ್ಲ, ಕಥೆ ಅದಕ್ಕೆ ಅರ್ಥ ಆಗಿದೆ. ಮುಂದೆ ವಿಜ್ಞಾನದ ಪ್ರಯೋಗ ಬರೆಯೋದು, ಇತಿಹಾಸ ಓದೋದು, ಲೆಕ್ಕದ ಹಂತ ಹಾಕೋದು ಎಲ್ಲದಕ್ಕೂ ಇದೇ ಬೇಕಾಗತ್ತೆ.

ಎಷ್ಟನೇ ವಯಸ್ಸಿಗೆ ಶುರು ಮಾಡ್ಬೇಕು?

ಮೂರು ವರ್ಷಕ್ಕೇ ಮಾಡಬಹುದು, ಆದ್ರೆ ಕಥೆಯಿಂದ ಅಲ್ಲ, ದಿನಚರಿಯಿಂದ. ತುಂಬಾ ಚಿಕ್ಕ ಮಕ್ಕಳು ಘಟನೆಗಳನ್ನ ಪಕ್ಕ ಪಕ್ಕ ಇಡ್ತಾರೆ ಅಷ್ಟೇ, ಕಾರಣದಿಂದ ಜೋಡಿಸಲ್ಲ ಅಂತ ಜೀನ್ ಪಿಯಾಜೆ ಹೇಳಿದ್ರು. ಆಮೇಲೆ 1980ರ ದಶಕದಲ್ಲಿ ಕ್ಯಾಥರೀನ್ ನೆಲ್ಸನ್ ಮತ್ತು ಅವರ ಜೊತೆಯವರು ಮೂರು ನಾಲ್ಕು ವರ್ಷದ ಮಕ್ಕಳನ್ನ ಅವರಿಗೆ ಚೆನ್ನಾಗಿ ಗೊತ್ತಿರೋ ಕೆಲಸಗಳ ಬಗ್ಗೆ ಕೇಳಿದಾಗ ಚಿತ್ರ ಬೇರೇನೇ ಕಾಣಿಸ್ತು, ಬೆಳಗ್ಗೆ ಎದ್ದಾಗಿಂದ ಏನೇನು ಮಾಡ್ತೀಯ, ಹುಟ್ಟುಹಬ್ಬಕ್ಕೆ ಹೋದ್ರೆ ಏನಾಗತ್ತೆ ಅಂದ್ರೆ ಪುಟಾಣಿಗಳು ಸಾಕಷ್ಟು ಸರಿಯಾದ ಕ್ರಮದಲ್ಲೇ ಹೇಳ್ತಾವೆ. ಗೊತ್ತಿಲ್ಲದ ವಿಷಯ ಕೊಟ್ಟು ಕ್ರಮ ಕೇಳಿದ್ರೆ ಮಗು ಯಾವುದರಲ್ಲಿ ಸೋತಿದೆ ಅಂತಾನೇ ಗೊತ್ತಾಗಲ್ಲ.

ಅಂದಾಜಿಗೆ ಇಟ್ಕೊಳ್ಳಿ: ಮೂರರಿಂದ ನಾಲ್ಕು ವರ್ಷಕ್ಕೆ ಕೈ ತೊಳೆಯೋದು, ಬಟ್ಟೆ ಹಾಕ್ಕೊಳ್ಳೋದು ಇಂಥದ್ದು, ನಾಲ್ಕೈದಕ್ಕೆ ಮೂರು ಚಿತ್ರದ ಕಥೆ, ಆರೇಳಕ್ಕೆ ಐದಾರು ಘಟನೆ, ಎಂಟರ ಆಸುಪಾಸಿಗೆ ಕಾಲ ಹಿಂದೆ ಮುಂದೆ ಆಗೋ ಕಥೆಗಳು. ಪಕ್ಕದ ಮಗು ಆಗಲೇ ಮಾಡ್ತಿದೆ ಅಂತ ಒದ್ದಾಡಬೇಡಿ, ಇದರಲ್ಲಿ ಒಂದು ವರ್ಷ ಹೆಚ್ಚು ಕಮ್ಮಿ ಏನೂ ಅಲ್ಲ.

ಇನ್ನೂ ಓದೋಕೇ ಬರಲ್ಲ, ಆದ್ರೂ ಮಾಡಿಸ್ಬಹುದಾ?

ಧಾರಾಳವಾಗಿ. ಕೇಳಿ ಹೇಳೋದು ಮೊದಲು, ಓದಿ ಹೇಳೋದು ಆಮೇಲೆ. ಅಕ್ಷರ ಕೂಡಿಸ್ಕೊಂಡು ಓದೋ ಹಂತದಲ್ಲಿರೋ ಮಗು ಒಂದೊಂದು ಪದಕ್ಕೂ ಅಷ್ಟು ಕಷ್ಟ ಪಡ್ತಿರತ್ತೆ, ಸಾಲಿನ ಕೊನೆಗೆ ಬರೋಷ್ಟರಲ್ಲಿ ಮೊದಲು ಏನಿತ್ತು ಅಂತ ಹಾರಿಹೋಗಿರತ್ತೆ, ಆಗ ಕ್ರಮ ಕೇಳಿದ್ರೆ ಅನ್ಯಾಯ. ನೀವೇ ಓದಿ ಹೇಳಿ, ಜೋಡಿಸೋ ಕೆಲಸ ಮಾತ್ರ ಮಗುಗೆ ಬಿಡಿ.

ಮಗು ಚಿತ್ರಗಳನ್ನ ತಪ್ಪಾಗಿ ಇಟ್ಟಾಗ ಏನು ಮಾಡ್ಲಿ? ನಾನೇ ಸರಿ ಮಾಡಿ ತೋರಿಸ್ತೀನಿ, ನಾಳೆ ಮತ್ತೆ ಅದೇ ತಪ್ಪು.

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದೋಷ್ಟು ಟೈಮ್ ಇದೆ ಅನ್ನೋರು ಇದನ್ನೇ ಓದಿ. ಸರಿ ಮಾಡಿ ತೋರಿಸೋದ್ರಿಂದ ಮಗು ಆ ಐದು ಚಿತ್ರದ ಜಾಗ ಕಲಿಯತ್ತೆ, ಅದೂ ಅವತ್ತಿನ ಮಟ್ಟಿಗೆ.

ಮೊದಲು ಕೈ ಹಾಕದೆ ಸುಮ್ನೆ ನೋಡಿ. ನಮ್ಮ ಬೆಕ್ಕಿನ ಕಥೆ ಕೊಟ್ರೆ ಎಷ್ಟೋ ಮಕ್ಕಳು ಪುಸ್ತಕ ಇರೋ ಎರಡು ಚಿತ್ರಗಳನ್ನ ಫಸ್ಟ್ ಎತ್ಕೊಂಡು ಪಕ್ಕ ಪಕ್ಕ ಇಡ್ತಾರೆ, ನೆಂದಿರೋ ಪುಸ್ತಕ, ಬಿಸಿಲಲ್ಲಿರೋ ಪುಸ್ತಕ, ಯಾಕಂದ್ರೆ ಎರಡರಲ್ಲೂ ಅದೇ ಕೆಂಪು ರಟ್ಟು ಕಾಣ್ತಿದೆ. ಅದು ಕ್ರಮ ಅಲ್ಲ, ಹೋಲಿಕೆ. ಕೆಲವರು ಅವರಿಗೆ ಇಷ್ಟ ಆದ ಚಿತ್ರನ ಮೊದಲಿಗೆ ಇಡ್ತಾರೆ, ಬೆಕ್ಕು ಗಾಳಿಯಲ್ಲಿ ಹಾರ್ತಿರೋದು ಯಾರಿಗೆ ಇಷ್ಟ ಆಗಲ್ಲ, ಅದು ಅದೃಷ್ಟಕ್ಕೆ ಇಲ್ಲಿ ಮೊದಲನೇದೇ ಆಗಿರೋದ್ರಿಂದ ನಮಗೆ ಮಗು ಅರ್ಥ ಮಾಡ್ಕೊಂಡಿದೆ ಅನ್ಸತ್ತೆ. ಇನ್ನು ಕೆಲವರು ಕೈಗೆ ಸಿಕ್ಕ ಕ್ರಮದಲ್ಲೇ ಸಾಲಾಗಿ ಇಟ್ಟು "ಆಯ್ತು ಮಿಸ್" ಅಂತ ಎದ್ದೇಬಿಡ್ತಾರೆ. ಮೂರೂ ಬೇರೆ ಬೇರೆ ತೊಂದರೆ.

ಆಮೇಲೆ ಕೊನೆಯಿಂದ ಹಿಂದಕ್ಕೆ ಯಾಕೆ, ಹೇಗೆ ಅಂತ ಕೇಳ್ಕೊಂಡು ಹೋಗಿ. ಸುಮಾರಾಗಿ ಹೀಗೆ ಸಾಗತ್ತೆ:

"ಪುಸ್ತಕ ಬಿಸಿಲಲ್ಲಿ ಯಾಕಿದೆ ಪುಟ್ಟಾ?"
"ಒಣಗ್ಲಿ ಅಂತ ಮಿಸ್."
"ಒಣಗಿಸೋ ಥರ ಏನಾಗಿತ್ತು ಅದಕ್ಕೆ?"
"ಒದ್ದೆ ಆಗಿತ್ತಲ್ಲ, ನೀರು ಬಿತ್ತಲ್ಲ."
"ನೀರು ಎಲ್ಲಿಂದ ಬಂತು?"
"ಹೂದಾನೀಲಿ ಇತ್ತು... ಇರಿ ಮಿಸ್, ಇದು ಇಲ್ಲಿ ಬರ್ಬೇಕು."

ಆ "ಇರಿ ಮಿಸ್" ಬರೋವರೆಗೂ ಕಾಯ್ಬೇಕು. ಕಾರ್ಡ್‌ನ ಮಗುನೇ ಎತ್ತಿ ಇಡ್ಬೇಕು. "ಆಮೇಲೆ ಏನಾಯ್ತು" ಅಂತ ಕೇಳಿದ್ರೆ ಮಗು ಏನು ಬೇಕಾದ್ರೂ ಹೇಳಬಹುದು, ಎಲ್ಲವೂ ಯಾವುದಾದ್ರೂ ಒಂದರ ಆಮೇಲೇ ಆಗಿರತ್ತೆ. "ಇದು ಯಾಕಾಯ್ತು" ಅಂದ್ರೆ ಉತ್ತರಕ್ಕೆ ಹಿಂದಿನ ಘಟನೆ ಹುಡುಕ್ಲೇಬೇಕು. ಮುಂದಕ್ಕೆ ಹೋಗುವಾಗ್ಲೂ "ಅದಕ್ಕೆ ಏನಾಯ್ತು" ಅಂತ ಕೇಳಿ ನೋಡಿ, "ಆಮೇಲೆ" ಬದಲು "ಅದಕ್ಕೆ" ಹಾಕಿದ್ರೆ ಬರೋ ಉತ್ತರದಲ್ಲಿ ವ್ಯತ್ಯಾಸ ನಿಮಗೇ ಕಾಣ್ಸತ್ತೆ.

ಎಷ್ಟು ಕಾರ್ಡ್ ಕೊಡ್ಬೇಕು?

ಮೂರು. ಮೂರು ಸಲೀಸಾದ್ಮೇಲೆ ನಾಲ್ಕು. ಮೂರು ಕಾರ್ಡ್‌ನ ಸಾಲಾಗಿ ಇಡೋಕೆ 6 ರೀತಿ ಇದೆ, ನಾಲ್ಕಕ್ಕೆ 24, ಐದಕ್ಕೆ 120, ಹಾಗಾಗಿ ಒಂದು ಕಾರ್ಡ್ ಜಾಸ್ತಿ ಮಾಡೋದು ನಮಗೆ ಒಂದು ಅನ್ಸಿದ್ರೂ ಮಗುಗೆ ಒಂದಲ್ಲ. ಐದು ಕಷ್ಟ ಆದ್ರೆ ಮೊದಲನೇದು ಕೊನೇದು ನೀವೇ ಇಟ್ಟು ಮಧ್ಯದ ಮೂರು ಮಾತ್ರ ಕೊಡಿ.

ಮೊದಲು ಮತ್ತು ಕೊನೆ ಸರಿಯಾಗಿ ಹೇಳ್ತಾಳೆ, ಮಧ್ಯದ್ದೇ ಮಾಯ. ಗಮನ ಕೊಡ್ತಿಲ್ವಾ?

ಗಮನದ ವಿಷಯ ಅಲ್ಲ. ಪಟ್ಟಿಯ ಶುರು ಮತ್ತು ಕೊನೆ ಚೆನ್ನಾಗಿ ನೆನಪಿರೋದು, ಮಧ್ಯ ಮಸುಕಾಗೋದು ದೊಡ್ಡವರ ನೆನಪಿನ ಸ್ವಭಾವನೂ ಹೌದು. ಫ್ರೆಡೆರಿಕ್ ಬಾರ್ಟ್‌ಲೆಟ್ 1932ರಲ್ಲೇ ತೋರಿಸಿದ್ರು, ಪರಿಚಯ ಇಲ್ಲದ ಸಂಸ್ಕೃತಿಯ ಕಥೆನ ಓದಿದ ದೊಡ್ಡವರು ಅದನ್ನ ವಾಪಸ್ ಹೇಳುವಾಗ ತಮಗೆ ಅರ್ಥ ಆಗದ ಭಾಗ ಬಿಟ್ಟುಬಿಡ್ತಾರೆ ಇಲ್ಲಾ ತಮಗೆ ಗೊತ್ತಿರೋ ಹಾಗೆ ತಿದ್ಕೋತಾರೆ. ಅಂದ್ಮೇಲೆ ಐದು ವರ್ಷದ ಮಗು ಹೂದಾನಿ ಬಿಟ್ಟು ಸೀದಾ ಬಿಸಿಲಿಗೆ ಹೋದ್ರೆ ಆಶ್ಚರ್ಯ ಏನಿದೆ. ಮಧ್ಯದ ಭಾಗನ ಮೈಯಿಂದ ಮಾಡಿಸಿ, ಒಬ್ಬರು ಬೆಕ್ಕು ಆಗ್ಲಿ, ಇನ್ನೊಬ್ಬರು ಹೂದಾನಿ ಆಗಿ ನಿಧಾನವಾಗಿ ಉರುಳ್ಲಿ, ನಗು ಬಂದ ಭಾಗ ಅಷ್ಟು ಸುಲಭವಾಗಿ ಮರೆಯಲ್ಲ.

"ಊಟಕ್ಕೆ ಮುಂಚೆ", "ಮಲಗೋಕೆ ಮುಂಚೆ" ಅಂದ್ರೆ ಉಲ್ಟಾ ತಿಳ್ಕೋತಾನೆ. ಕಿವಿ ಪ್ರಾಬ್ಲಮ್ಮಾ?

ಬಹುತೇಕ ಅಲ್ಲ. ಚಿಕ್ಕ ಮಕ್ಕಳು ಮೊದಲು ಕಿವಿಗೆ ಬಿದ್ದಿದ್ದು ಮೊದಲು ನಡೆದಿದ್ದು ಅಂತ ಹಿಡ್ಕೋತಾರೆ. ಈವ್ ಕ್ಲಾರ್ಕ್ 1971ರಲ್ಲಿ ಇಂಗ್ಲಿಷ್ ಮಾತಾಡೋ ಮೂರರಿಂದ ಐದು ವರ್ಷದ ಮಕ್ಕಳ ಕೈಯಲ್ಲಿ ವಾಕ್ಯಗಳನ್ನ ಗೊಂಬೆ ಇಟ್ಟು ಆಡಿಸಿದಾಗ ಚಿಕ್ಕವರು ಹೇಳಿದ ಕ್ರಮದಲ್ಲೇ ಆಡಿಸಿದ್ರು.

ಕನ್ನಡದಲ್ಲಿ ಮಾತಾಡೋರಿಗೆ ಇದು ಇನ್ನೂ ಸ್ವಲ್ಪ ಮಜಾ ಕೊಡತ್ತೆ. "ಹೂದಾನಿ ಉರುಳೋಕೆ ಮುಂಚೆ ಬೆಕ್ಕು ಹಾರಿತ್ತು" ಅಂತ ಹೇಳಿ ನೋಡಿ, ಆಮೇಲೆ ಆಗಿದ್ದು ಬಾಯಲ್ಲಿ ಮೊದಲು ಬಂತು. ನಾವು ಸಾಮಾನ್ಯವಾಗಿ "ಮುಂಚೆ" ಅನ್ನೋ ಭಾಗನ ಮೊದಲೇ ಹೇಳೋದ್ರಿಂದ ಪ್ರತಿ ಸಲನೂ ಉಲ್ಟಾನೇ. "ಬೆಕ್ಕು ಹಾರಿದ್ಮೇಲೆ ಹೂದಾನಿ ಉರುಳ್ತು" ಅಂದ್ರೆ ಹೇಳಿದ ಕ್ರಮ ನಡೆದ ಕ್ರಮ ಒಂದೇ, ಹಾಗಾಗಿ ಮೊದಲು "ಆದ್ಮೇಲೆ" ಕಲಿಸಿ, ಅದು ಗಟ್ಟಿಯಾದ್ಮೇಲೆ "ಮುಂಚೆ". ಇದಕ್ಕಿಂತ ಮುಂಚಿನ ಹಂತಕ್ಕೆ ನಮ್ಮ ಮಾತಲ್ಲೇ ಒಂದು ಸಲಕರಣೆ ರೆಡಿ ಇದೆ, ಎದ್ದು, ಮುಖ ತೊಳ್ಕೊಂಡು, ಬಟ್ಟೆ ಹಾಕ್ಕೊಂಡು, ಬ್ಯಾಗ್ ತಗೊಂಡು ಹೊರಟ ಅಂತ ಒಂದೇ ಉಸಿರಲ್ಲಿ ಪೋಣಿಸ್ತೀವಲ್ಲ, ಅದರಲ್ಲಿ ಕ್ರಮ ತಾನಾಗೇ ಕೂತಿರತ್ತೆ. ಮಗು ಆ ಥರ ಉದ್ದ ವಾಕ್ಯ ಹೇಳ್ತಿದ್ರೆ ತಡೀಬೇಡಿ, ಎರಡು ಪದ ಅದಲು ಬದಲು ಮಾಡಿ "ಹೊರಟು, ಬಟ್ಟೆ ಹಾಕ್ಕೊಂಡು ಎದ್ದ" ಅಂತ ನೀವು ಹೇಳಿ, ನಕ್ಕು ತಿದ್ದತ್ತೆ.

ಪ್ರತಿ ವಾಕ್ಯಕ್ಕೂ "ಆಮೇಲೆ... ಆಮೇಲೆ..." ಅಂತಾಳೆ. ಬಿಡಿಸ್ಬೇಕಾ?

ಆರು ವರ್ಷದವರೆಗೆ ಬಿಡಿ, ಕ್ರಮ ತಲೇಲಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಆಮೇಲೆ (ನೋಡಿ ನಾನೂ ಅಂದೆ) ಬೇರೆ ಪದಗಳನ್ನ ನೀವು ಕಥೆ ಹೇಳುವಾಗ ಬಳಸಿ: ಅಷ್ಟರಲ್ಲಿ, ತಕ್ಷಣ, ಅದಕ್ಕೇ, ಹಾಗಾಗಿ, ಕೊನೆಗೆ. ಇವನ್ನ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ರೆ ಮಕ್ಕಳು ಸಿಕ್ಕಾಪಟ್ಟೆ ಬಳಸಿ "ತಕ್ಷಣ ಕೊನೆಗೆ ಅಷ್ಟರಲ್ಲಿ" ಅಂತ ಶುರು ಮಾಡ್ತಾರೆ, ನನಗೇನೋ ಗೋಡೆ ಪಟ್ಟಿ ಅಷ್ಟು ಇಷ್ಟ ಇಲ್ಲ.

ಎಡದಿಂದ ಬಲಕ್ಕೇ ಇಡ್ಬೇಕಾ? ನನ್ನ ಮಗಳು ಮೇಲಿಂದ ಕೆಳಗೆ ಇಡ್ತಾಳೆ.

ಕಾಲಕ್ಕೆ ಎಡ ಬಲ ಇಲ್ಲ, ಅದು ಬರವಣಿಗೆಯಿಂದ ಬಂದ ಅಭ್ಯಾಸ. ಬಾರ್ಬರಾ ಟ್ವೆರ್ಸ್ಕಿ ಮತ್ತು ಜೊತೆಗಾರರು 1991ರಲ್ಲಿ ಇಂಗ್ಲಿಷ್, ಹೀಬ್ರೂ, ಅರೇಬಿಕ್ ಮಾತಾಡೋರ ಕೈಯಲ್ಲಿ ಕಾಲದ ಘಟನೆಗಳಿಗೆ ಸ್ಟಿಕ್ಕರ್ ಅಂಟಿಸಿದಾಗ ಇಂಗ್ಲಿಷಿನವರು ಎಡದಿಂದ ಬಲಕ್ಕೆ, ಅರೇಬಿಕ್‌ನವರು ಹೆಚ್ಚಾಗಿ ಬಲದಿಂದ ಎಡಕ್ಕೆ ಹೋದ್ರು. ಹಾಗಾಗಿ ಬಲದಿಂದ ಎಡಕ್ಕೆ ಇಟ್ಟ ಪುಟಾಣಿ ಕಥೆ ತಪ್ಪು ಮಾಡಿಲ್ಲ. "ಎಲ್ಲಿಂದ ಶುರು?" ಅಂತ ಬೆರಳಿಟ್ಟು ತೋರ್ಸೋಕೆ ಹೇಳಿ, ಆಮೇಲೆ ನಿರ್ಧಾರ ಮಾಡಿ. ಪುಸ್ತಕದ ದಿಕ್ಕು ಬೇಕು ಅನ್ನೋದಾದ್ರೆ ಕಾಗದದ ಮೇಲೆ ಒಂದು ಬಾಣ ಎಳೆದು ಕೊಡಿ, ಮುಗೀತು.

ನಮ್ಮ ಮಗು ಬೇರೆ ಕ್ರಮ ಇಟ್ಟು ಅದಕ್ಕೆ ಕಾರಣನೂ ಹೇಳ್ತು. ತಪ್ಪಾ ಸರೀನಾ?

ಕಾರಣ ಕೇಳಿ. ಅಕ್ಕ ನಗೋ ಚಿತ್ರನ ಮೊದಲಿಗೆ ಇಟ್ಟು "ಅಕ್ಕ ನಗ್ತಾ ಪುಸ್ತಕ ಓದ್ತಿದ್ಲು, ಆಮೇಲೆ ಎದ್ದು ಹೋದ್ಲು, ಆಗ ಬೆಕ್ಕು ಬಂತು" ಅಂದ್ರೆ, ಚಿತ್ರದಲ್ಲಿ ಪುಸ್ತಕ ನೆಂದು ಸುರುಟಿರೋದು ಕಾಣ್ತಿಲ್ಲ ಅಂದ್ರೆ, ಅದು ಸರಿಯಾದ ಉತ್ತರ. ಚಿತ್ರ ಬರೆದವರ ತಪ್ಪು ಅದು. ಕಾಣ್ತಿದ್ರೆ "ಓದ್ತಿದ್ದಾಗ್ಲೇ ಸುರುಟಿತ್ತಾ?" ಅಂತ ಒಂದು ಪ್ರಶ್ನೆ ಸಾಕು.

ಇದರ ಜೊತೆಗೇ ಇನ್ನೊಂದು. ಕೆಲವು ವರ್ಕ್‌ಶೀಟಲ್ಲಿ ಹುಡುಗ ಪಾರ್ಕ್‌ಗೆ ಹೋದ, ಚಿಟ್ಟೆ ನೋಡಿದ, ಬಾತುಕೋಳಿ ನೋಡಿದ, ಜಾರುಬಂಡಿ ಆಡಿದ, ಮನೆಗೆ ಬಂದ ಅಂತ ಇರತ್ತೆ. ಹೋಗಿದ್ದು ಮೊದಲು, ಬಂದಿದ್ದು ಕೊನೆ, ಸರಿ. ಮಧ್ಯದ ಮೂರನ್ನ ಯಾವ ಕ್ರಮದಲ್ಲಿ ಇಟ್ರೂ ಕಥೆ ಕಥೆಯಾಗೇ ಇರತ್ತೆ, ಅಲ್ಲಿ ಒಂದಕ್ಕೊಂದು ಕಾರಣಾನೇ ಇಲ್ಲ. ಅಂಥ ಪ್ರಶ್ನೆಗೆ ಕೆಂಪು ಗುರುತು ಹಾಕಿದ್ರೆ ನಾವು ಪರೀಕ್ಷೆ ಮಾಡಿದ್ದು ಬರೀ ನೆನಪು, ಅರ್ಥ ಅಲ್ಲ. ವರ್ಕ್‌ಶೀಟ್ ಆರಿಸುವಾಗ ಎರಡು ಘಟನೆ ಅದಲು ಬದಲು ಮಾಡಿ ಓದಿ ನೋಡಿ, ಏನೂ ಕೆಡದೇ ಇದ್ರೆ ಆ ಶೀಟ್ ಬೇಡ.

ಒಂದೇ ಟೈಮಲ್ಲಿ ಎರಡು ಘಟನೆ ನಡೆದ್ರೆ ಹೇಗೆ ತೋರ್ಸೋದು?

ಒಂದರ ಕೆಳಗೆ ಒಂದು ಇಡಿ. ಪುಸ್ತಕ ಬಿಸಿಲಲ್ಲಿ ಒಣಗ್ತಿದೆ, ಅತ್ತ ಅಕ್ಕ ದಾರೀಲಿ ಬರ್ತಿದಾಳೆ, ಎರಡೂ ಒಂದೇ ಕಂಬದಲ್ಲಿ. ಆರು ವರ್ಷದ ಕೆಳಗಿನವರಿಗೆ ಇದನ್ನ ತರ್ಲೇಬೇಡಿ.

ಕಥೆ ಮಧ್ಯದಿಂದ ಶುರುವಾಗಿ ಹಿಂದಿನದನ್ನ ಆಮೇಲೆ ಹೇಳತ್ತೆ. ಇಂಥ ಕಥೆಗಳಲ್ಲಿ ಯಾವ ಕ್ರಮ ಕೇಳೋದು?

ಎರಡೂ ಕೇಳಿ, ಬೇರೆ ಬೇರೆಯಾಗಿ. ನಡೆದ ಕ್ರಮ ಒಂದು, ಹೇಳಿದ ಕ್ರಮ ಇನ್ನೊಂದು. ರಷ್ಯಾದ ರೂಪವಾದಿ ವಿಮರ್ಶಕರು 1920ರ ದಶಕದ ಹೊತ್ತಿಗೇ ಇವೆರಡನ್ನ ಫಾಬುಲಾ, ಸ್ಯುಝೆಟ್ ಅಂತ ಬೇರೆ ಮಾಡಿ ಚರ್ಚೆ ಮಾಡ್ತಿದ್ರು, ಆ ಪದಗಳು ಮಕ್ಕಳಿಗೆ ಖಂಡಿತ ಬೇಡ, ಆದ್ರೆ ವಿಷಯ ಏಳೆಂಟು ವರ್ಷದವರಿಗೆ ಚೆನ್ನಾಗೇ ಹಿಡಿಸತ್ತೆ. ನಮ್ಮ ಕಥೆನೇ ತಗೊಳ್ಳಿ, "ಅಕ್ಕ ಅಂಗಳಕ್ಕೆ ಬಂದ್ರೆ ಅವಳ ಪುಸ್ತಕ ಬಿಸಿಲಲ್ಲಿ ಬಿದ್ದಿದೆ!" ಅಂತ ಶುರು ಮಾಡಿ ಹೇಳಿ. ಎರಡು ಬಣ್ಣದ ಪೆನ್ಸಿಲ್ ಕೊಡಿ, ನೀಲಿಯಲ್ಲಿ ನಾನು ಹೇಳಿದ ಕ್ರಮದ ನಂಬರ್, ಹಸಿರಲ್ಲಿ ನಿಜವಾಗಿ ನಡೆದ ಕ್ರಮದ ನಂಬರ್. ಒಂದೇ ಚಿತ್ರದ ಮೇಲೆ ನೀಲಿ ಒಂದು, ಹಸಿರು ಐದು ಬಂದಾಗ ಮಕ್ಕಳ ಮುಖ ನೋಡ್ಬೇಕು. ಆಮೇಲೆ "ನಾನ್ಯಾಕೆ ಕೊನೆಯಿಂದ ಶುರು ಮಾಡ್ದೆ?" ಅಂತ ಕೇಳಿ, "ಏನಾಯ್ತು ಅಂತ ಗೊತ್ತಾಗ್ಲಿಲ್ಲ, ಅದಕ್ಕೆ ಕೇಳ್ಬೇಕು ಅನ್ಸ್ತು" ಅನ್ನೋ ಥರ ಉತ್ತರ ಬಂದ್ರೆ ಇನ್ನೇನು ಬೇಕು.

ಮನೇಲಿ ಒಂದು ಭಾಷೆ, ಸ್ಕೂಲಲ್ಲಿ ಇನ್ನೊಂದು. ಯಾವುದ್ರಲ್ಲಿ ಹೇಳಿಸೋದು?

ಮಗುಗೆ ಯಾವುದು ಸಲೀಸೋ ಅದರಲ್ಲಿ. ಕಥೆ ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಹೇಳಿದ್ರೂ ನಡೆಯತ್ತೆ, ಪದ ಬರ್ಲಿಲ್ಲ ಅನ್ನೋದನ್ನ ಕ್ರಮ ಗೊತ್ತಿಲ್ಲ ಅಂತ ಲೆಕ್ಕ ಹಾಕ್ಬೇಡಿ.

ಮೊಬೈಲ್ ಆಪ್‌ನಲ್ಲಿ ಡ್ರ್ಯಾಗ್ ಮಾಡಿ ಜೋಡಿಸೋ ಆಟ ಪರವಾಗಿಲ್ವಾ?

ಪರವಾಗಿಲ್ಲ, ಜೊತೆಗೆ ಕೂತು ಯಾಕೆ ಅಂತ ಕೇಳೋರು ಇದ್ರೆ. ಒಬ್ಬರೇ ಬಿಟ್ರೆ ತಪ್ಪಾದಾಗ ಟಿಂಗ್ ಅಂತ ವಾಪಸ್ ಹೋಗತ್ತೆ, ಇನ್ನೊಂದು ಜಾಗಕ್ಕೆ ಎಳೀತಾರೆ, ಮತ್ತೆ ಟಿಂಗ್, ಹೀಗೆ ಕುರುಡಾಗಿ ತಳ್ತಾ ತಳ್ತಾ ನೂರಕ್ಕೆ ನೂರು ತಗೊಂಡು ಬರ್ತಾರೆ.

ಯಾವಾಗ ಡಾಕ್ಟರ್ ಹತ್ರ ತೋರಿಸ್ಬೇಕು?

ಬರೀ ಚಿತ್ರ ಜೋಡಿಸೋಕೆ ಬರಲ್ಲ ಅಂತ ಯಾವ ಮಗುನೂ ಕರ್ಕೊಂಡು ಹೋಗೋ ಅಗತ್ಯ ಇಲ್ಲ. ಚಿತ್ರ ಜೋಡಿಸೋದು ಬುದ್ಧಿ ಅಳೆಯೋ ಟೆಸ್ಟ್ ಅಂತ ಕೆಲವರು ಅಂದ್ಕೊಂಡಿದಾರೆ, ವೆಕ್ಸ್ಲರ್ ಅವರ ಮಕ್ಕಳ ಬುದ್ಧಿಮಾಪನದಲ್ಲಿ ಅಂಥ ಒಂದು ಭಾಗ ಇದ್ದಿದ್ದು ನಿಜ, 2003ರ ನಾಲ್ಕನೇ ಆವೃತ್ತಿಯಲ್ಲಿ ಅದನ್ನ ತೆಗೆದುಹಾಕಿದ್ರು. ಆದ್ರೆ ಐದು ವರ್ಷ ದಾಟಿದ್ಮೇಲೂ ಇವತ್ತು ಏನು ಮಾಡ್ದೆ ಅಂದ್ರೆ ಎರಡು ವಾಕ್ಯ ಜೋಡಿಸೋಕೆ ಆಗ್ತಿಲ್ಲ, ಎರಡು ಹಂತದ ಸೂಚನೆ ಪಾಲಿಸೋಕೆ ಆಗ್ತಿಲ್ಲ, ಮಾತು ತಡವಾಗಿದೆ, ಕರೆದ್ರೆ ತಿರುಗಲ್ಲ, ಇಂಥದ್ದೆಲ್ಲಾ ಜೊತೆಗಿದ್ರೆ ಮೊದಲು ಕಿವಿ ಟೆಸ್ಟ್ ಮಾಡ್ಸಿ, ಆಮೇಲೆ ಸ್ಪೀಚ್ ಥೆರಪಿಸ್ಟ್ ಹತ್ರ ಹೋಗಿ.

ಆಟಿಸಂ ಇರೋ ಮಕ್ಕಳ ಬಗ್ಗೆ ತುಂಬಾ ಜನ ಕೇಳ್ತಾರೆ. ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಮೂವರು 1986ರಲ್ಲಿ ಮಾಡಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರತ್ತೆ: ಕಲ್ಲು ಉರುಳೋ ಥರದ ಭೌತಿಕ ಘಟನೆಗಳ ಚಿತ್ರಗಳನ್ನ ಆ ಮಕ್ಕಳು ಚೆನ್ನಾಗಿ ಜೋಡಿಸಿದ್ರು, ಪಾತ್ರದ ಮನಸ್ಸಲ್ಲಿ ಏನಿದೆ ಅಂತ ಊಹಿಸ್ಬೇಕಾದ ಕಥೆಗಳಲ್ಲಿ ಕಷ್ಟಪಟ್ರು. ನಮ್ಮ ಕಥೆಯಲ್ಲಿ ಮೊದಲ ಮೂರು ಚಿತ್ರ ಆ ಮೊದಲನೇ ಥರದ್ದು, ತಮ್ಮ ಹೆದರಿದ್ದು ಎರಡನೇ ಥರದ್ದು. ಅಂಥ ಕಡೆ ಪಾತ್ರದ ತಲೆ ಮೇಲೆ ಯೋಚನೆಯ ಗುಳ್ಳೆ ಬರೆದು "ಅಕ್ಕ ಬೈತಾಳೆ" ಅಂತ ಮನಸ್ಸಿನ ಮಾತನ್ನ ಎದುರಿಗೇ ಇಡಿ. ಇದು ಎಲ್ಲಾ ಮಕ್ಕಳಿಗೂ ಹೆಲ್ಪ್ ಆಗತ್ತೆ, ಯಾಕಂದ್ರೆ ಘಟನೆ ಜೋಡಿಸುವಾಗ ಮಕ್ಕಳು ಪದೇ ಪದೇ ಬಿಡೋ ಕೊಂಡಿ ಇದೇ, ಪಾತ್ರಕ್ಕೆ ಏನನ್ಸ್ತು ಅನ್ನೋದು.

ಕ್ಲಾಸಲ್ಲಿ ಮಾರ್ಕ್ಸ್ ಕೊಡೋದು ಹೇಗೆ? ಐದಕ್ಕೆ ಐದು ಇಲ್ಲಾ ಸೊನ್ನೆ, ಹಿಂಗೇ ಆಗ್ತಿದೆ.

ಜಾಗ ನೋಡಿ ಮಾರ್ಕ್ಸ್ ಕೊಟ್ರೆ ಹಂಗೇ ಆಗೋದು. ಒಂದು ಮಗು ಹೂದಾನಿ, ನೆಂದ ಪುಸ್ತಕ, ಬಿಸಿಲು, ಅಕ್ಕನ ನಗು ಎಲ್ಲಾ ಸರಿಯಾಗಿ ಇಟ್ಟು ಬೆಕ್ಕಿನ ಕಾರ್ಡ್ ಮರೆತು ಕೊನೆಗೆ ಸೇರಿಸ್ತು ಅಂದ್ಕೊಳ್ಳಿ. ಆಗ ಐದೂ ಜಾಗ ತಪ್ಪು, ಮಾರ್ಕ್ಸ್ ಸೊನ್ನೆ. ಆದ್ರೆ ಕೊಂಡಿ ಎಣಿಸಿ ನೋಡಿ, ಹೂದಾನಿಯಿಂದ ನೆಂದ ಪುಸ್ತಕ ಸರಿ, ಅಲ್ಲಿಂದ ಬಿಸಿಲು ಸರಿ, ಅಲ್ಲಿಂದ ನಗು ಸರಿ, ಇರೋ ನಾಲ್ಕು ಕೊಂಡಿಯಲ್ಲಿ ಮೂರು ಮಗುಗೆ ಗೊತ್ತಿದೆ. ನಾಲ್ಕಕ್ಕೆ ಮೂರು ಕೊಡಿ. ಪಕ್ಕದಲ್ಲಿ ಯಾವ ಕೊಂಡಿ ತಪ್ಪಿತು ಅಂತ ಬರೆದಿಡಿ, ತಿಂಗಳ ಕೊನೆಗೆ ಅದನ್ನ ತೆಗೆದು ನೋಡಿದ್ರೆ ಇಡೀ ಕ್ಲಾಸ್ ಒಂದೇ ಕಡೆ ಎಡವಿರೋದು ಕಾಣಬಹುದು, ಆಗ ತಿದ್ದಬೇಕಾಗಿರೋದು ಮಕ್ಕಳನ್ನಲ್ಲ, ಆ ಚಿತ್ರನ.

ಜೋಡಿಸೋಕೆ ಬಂತು. ಮುಂದೆ?

ಒಂದು ಕಾರ್ಡ್ ಬಚ್ಚಿಟ್ಟು ಕೊಡಿ, ಯಾವುದು ಕಾಣೆಯಾಗಿದೆ ಅಂತ ಮಗು ಕಂಡುಹಿಡಿದು ಅದರ ಚಿತ್ರ ತಾನೇ ಬರೀಲಿ. ಅದಾದ್ಮೇಲೆ ಪ್ರತಿ ಚಿತ್ರಕ್ಕೂ ಒಂದು ವಾಕ್ಯ, ಎರಡು ಚಿತ್ರದ ನಡುವೆ ಒಂದು ಜೋಡಿಸೋ ಪದ. ಕಾಗುಣಿತ ತಪ್ಪಿದ್ರೆ ಅವತ್ತೇ ತಿದ್ದೋಕೆ ಹೋಗ್ಬೇಡಿ, ಮೊದಲು ಮಗು ತನ್ನ ಕಥೆನ ಒಂದು ಸಲ ಗಟ್ಟಿಯಾಗಿ ಓದಿ ಮುಗಿಸ್ಲಿ.